ಕಡಲ ಪ್ರೇತ: ಮಹಾಬಲೇಶ್ವರ ಅಂಬಿಗ

ನನ್ನ ಗಂಡನ ಹೆಸರು ಮಹಾಬಲೇಶ್ವರ ಅಂಬಿಗ. ಊರಿನಲ್ಲಿ ಮಾಬ್ಲ ಎನ್ನುತ್ತಿದ್ದರು. ಡಚ್ಚರ ದೇಶದಲ್ಲಿ, ರೈಸ್‌ವೈಕಿನ ಒಂದು ಹೋಟೆಲಿನಲ್ಲಿ ಹದಿನೆಂಟು ವರ್ಷ ಅಡುಗೆ ಮಾಡಿದರು. ಈ ಮಾರ್ಚಿನಲ್ಲಿ ಸತ್ತರು. ಐವತ್ತೇಳು ವರ್ಷ. ನಿಂತು ಈರುಳ್ಳಿ ಹೆಚ್ಚುತ್ತಿದ್ದವರು ಕೂತರು, ಮತ್ತೆ ಏಳಲಿಲ್ಲ. ತೀರಿಕೊಂಡರು, ದೇವರ ಪಾದ ಸೇರಿದರು ಎಂದೆಲ್ಲ ಜನ ಹೇಳುತ್ತಾರೆ. ನನಗೆ ಅಷ್ಟು ಸುತ್ತಿ ಹೇಳಲು ಬರುವುದಿಲ್ಲ. ನಾನು ಓದಿದ್ದು ನಾಲ್ಕನೇ ಇಯತ್ತೆ.

ಅವರು ಒಂದು ಸಿನಿಮಾದಲ್ಲಿ ಇದ್ದಾರೆ. ನಾರ್ವೆ ದೇಶದ ಭಾಷೆಯ ಸಿನಿಮಾ, ಹೆದರಿಸುವಂಥದು. ಅದರಲ್ಲಿ ಹೆದರಿಸುವವರೇ ಅವರು. ಆ ಸಿನಿಮಾದಿಂದ ಅವರ ಹೆಸರನ್ನು ತೆಗೆಸಿದರು. ತೆಗೆಸಿದವರು ಹೊರಗಿನವರಲ್ಲ, ನಮ್ಮ ಮನೆಯವರೇ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು ಅಘನಾಶಿನಿ ಹೊಳೆ ಕಡಲಿಗೆ ಸೇರುವ ಜಾಗದಲ್ಲಿ. ಅಪ್ಪ ದೋಣಿ ದಾಟಿಸುತ್ತಿದ್ದರು. ಇವರು ಏಳು ವರ್ಷಕ್ಕೇ ಹೊಳೆಯಲ್ಲಿ ಮುಳುಗು ಹಾಕಿ ಬಳಚು ಹೆಕ್ಕುತ್ತಿದ್ದರು. ಬಳಚು ಎಂದರೆ ಕೆಸರಿನಲ್ಲಿ ಸಿಗುವ ಚಿಪ್ಪಿ. ಉಳಿದವರು ಹತ್ತು ಚಿಪ್ಪಿಗೆ ಒಮ್ಮೆ ಮೇಲೆ ಬಂದು ಉಸಿರು ಎಳೆದುಕೊಳ್ಳುವರು. ಇವರು ಬುಟ್ಟಿ ಅರ್ಧ ತುಂಬುವವರೆಗೆ ತಲೆ ಎತ್ತುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ, "ಮೇಲೆ ಬಂದ್ರೆ ಮತ್ತೆ ಇಳೀಬೇಕು. ಎರಡು ಕೆಲಸ" ಎನ್ನುವರು. ಶೂರತನ ಅಲ್ಲ, ಸೋಮಾರಿತನ.

ಆಮೇಲೆ ಗೋವಾದ ಹೋಟೆಲುಗಳು. ಪಾತ್ರೆ ತೊಳೆದು, ಮೀನು ಕೊಯ್ದು, ಕೊನೆಗೆ ಒಲೆಯ ಮುಂದೆ ನಿಂತರು. ಅಲ್ಲಿ ಇವರ ಮೀನು ಸಾರು ಉಂಡವರೊಬ್ಬರು ರೈಸ್‌ವೈಕಿನಲ್ಲಿ ಹೋಟೆಲು ತೆರೆದು, ಪರ್ಮಿಟ್ಟು ಮಾಡಿಸಿ ಕರೆಸಿಕೊಂಡರು. ಎರಡು ವರ್ಷದ ಮೇಲೆ ನಾನು ಬಂದೆ, ಮಗಳು ಗಾನವಿಯನ್ನು ಕರೆದುಕೊಂಡು. ಅವಳು ಬೇಗ ಡಚ್ಚು ಕಲಿತಳು. ನಾನು ಆಫೀಸು ತೊಳೆಯುತ್ತ ತೊಳೆಯುತ್ತ ಕಲಿತೆ. ಇವರು ಕಲಿಯಲಿಲ್ಲ. ಅಡುಗೆಮನೆಯೊಳಗೆ ಬೇಕಾದ ನಲವತ್ತು ಶಬ್ದ ಗೊತ್ತಿತ್ತು, ಅದರಲ್ಲಿ ಹದಿನೈದು ಬೈಗುಳ.

ಇಲ್ಲಿಯ ಜನ ಹಸಿ ಹೆರಿಂಗ್ ಮೀನನ್ನು ಬಾಲ ಹಿಡಿದು ಹಾಗೇ ನುಂಗುವುದನ್ನು ಕಂಡು, "ಒಲೆ ಹಚ್ಚೂಕೂ ಪುರುಸೊತ್ತಿಲ್ಲ ಪಾಪ, ಇವರಿಗೆ" ಎಂದು ಮರುಗಿದ್ದರು.

ಸೋಮವಾರ ಹೋಟೆಲಿಗೆ ರಜೆ. ಆ ದಿನ ಟ್ರಾಮು ಹಿಡಿದು ಸ್ಖೇವನಿಂಗನ್ ಕಡಲಿಗೆ ಹೋಗುವರು. ಅಕ್ಕಚ್ಚಿನ ಬಣ್ಣದ ಕಡಲು, ಮೂಳೆ ಕೊರೆಯುವ ತಣ್ಣೀರು. ಇವರು ಚಡ್ಡಿ ಹಾಕಿಕೊಂಡು ಇಳಿದು ಮುಳುಗು ಹಾಕುವರು. ಹೋದ ವರ್ಷ ಜೂನಿನಲ್ಲಿ ಒಂದು ಸೋಮವಾರ ಹಾಗೆ ಮುಳುಗಿದಾಗ, ದಂಡೆಯಲ್ಲಿದ್ದ ಒಬ್ಬ ಹೆಂಗಸು ನೋಡುತ್ತಿದ್ದಳು. ಮುಳುಗಿದವರು ಏಳಲಿಲ್ಲ. ಅವಳು ಬೂಟು ಬಟ್ಟೆ ಸಮೇತ ನೀರಿಗೆ ಹಾರಿದಳು, ಇವರ ಕೂದಲು ಹಿಡಿದು ಎಳೆದು ತಂದಳು.

ಮನೆಗೆ ಬಂದು ತಲೆ ಒರೆಸಿಕೊಳ್ಳುತ್ತ ನನಗೆ ಹೇಳಿದರು: "ನಾ ಮುಳುಗಿದ್ದಲ್ಲ ಮಾರಾಯ್ತಿ, ಮುಳುಗು ಹಾಕಿದ್ದು. ಅವಳಿಗೆ ಎಂತ ಅಂತ ಹೇಳೂದು? ನೋ ಪ್ರಾಬ್ಲಮ್, ಐ ಆಮ್ ಕುಕ್ ಅಂದೆ."

"ಅದಕ್ಕೆ ಅವಳು?"

"ಎಷ್ಟು ಹೊತ್ತು ಒಳಗಿರ್ತೆ ಅಂತ ಕೇಳ್ತು. ಫೋನ್ ನಂಬರ್ ಬರ್ಕಂಡ್ತು."

"ನಂಬರ್ ಎಂತಕ್ಕೆ ಕೊಟ್ರಿ?"

"ನಿನ್ನ ನಂಬರ್ ಕೊಟ್ಟೆ. ಹೆದರಬೇಡ."

ಅವಳ ಹೆಸರು ತೂರಿಲ್. ನಾರ್ವೆಯವಳು, ರೋಟರ್‌ಡ್ಯಾಮಿನಲ್ಲಿ ಇರುತ್ತಾಳೆ. ಸಿನಿಮಾಗಳಿಗೆ ನೀರಿನೊಳಗಿನ ದೃಶ್ಯ ಮಾಡಿಸಿಕೊಡುವುದು ಅವಳ ಕೆಲಸ. ಮುಂದಿನ ವಾರ ನಮ್ಮ ಮನೆಗೆ ಬಂದಳು, ಬಂಗಡೆ ಸಾರು ಅನ್ನ ಉಂಡಳು, ಮೂಗು ಒರೆಸಿಕೊಳ್ಳುತ್ತ ಕಥೆ ಹೇಳಿದಳು. ಡಚ್ಚಿನಲ್ಲಿ ಹೇಳಿದ್ದನ್ನು ನಾನು ಇವರಿಗೆ ಕನ್ನಡದಲ್ಲಿ ಹೇಳಿದೆ.

ಅವರ ದೇಶದ ಕಡಲ ದಂಡೆಯವರಿಗೆ ಹಳೆಯ ನಂಬಿಕೆಯೊಂದಿದೆ. ಮೀನಿಗೆ ಹೋಗಿ ಮುಳುಗಿ ಸತ್ತವನ ಹೆಣ ಸಿಗದಿದ್ದರೆ, ಮಣ್ಣು ಮಾಡದಿದ್ದರೆ, ಅವನು ತಿರುಗಿ ಬರುತ್ತಾನೆ. ಅರ್ಧ ದೋಣಿಯಲ್ಲಿ ಬರುತ್ತಾನೆ. ತಲೆಯ ಜಾಗದಲ್ಲಿ ಕಡಲ ಪಾಚಿಯ ಗಂಟು. ಅವನನ್ನು ಕಂಡವನು ಮುಳುಗುತ್ತಾನೆ. ಅದಕ್ಕೆ ಅವರು ಡ್ರೌಗ್ ಎನ್ನುತ್ತಾರೆ. ಸಿನಿಮಾದಲ್ಲಿ ಅದು ಒಂದೂ ಗುಳ್ಳೆ ಎಬ್ಬಿಸದೆ ನೀರಿನಿಂದ ನಿಧಾನ ಮೇಲೆ ಏಳಬೇಕು. ಸತ್ತವನು ಉಸಿರು ಬಿಡುವುದುಂಟೇ? ಅವರು ಗೊತ್ತು ಮಾಡಿದ್ದ ಈಜುಗಾರರೆಲ್ಲ ಗುಳ್ಳೆ ಬಿಡುತ್ತಿದ್ದರಂತೆ.

ಇವರು ಎಲ್ಲ ಕೇಳಿ ಹೇಳಿದರು: "ನಮ್ಮ ಕಡೆಯ ಭೂತಗಳಿಗೆ ಅರ್ಧ ದೋಣಿ ಸಾಲೂದಿಲ್ಲ. ಪೂರ್ತಿ ದೋಣಿ ಬೇಕು, ಮೇಲೊಂದು ಕೋಳಿ ಬೇಕು."

ಅಕ್ಟೋಬರಿನಲ್ಲಿ ಹನ್ನೊಂದು ದಿನ ಕೆಲಸ. ರೋಟರ್‌ಡ್ಯಾಮಿನ ಹಳೆಯ ಬಂದರಿನ ಶೆಡ್ಡೊಂದರಲ್ಲಿ ದೊಡ್ಡ ನೀರಿನ ತೊಟ್ಟಿ ಕಟ್ಟಿದ್ದರು. ಒಂದು ದಿನ ಬುತ್ತಿ ತೆಗೆದುಕೊಂಡು ನಾನೂ ಹೋದೆ. ಮೀನುಗಾರರ ಎಣ್ಣೆಬಟ್ಟೆಯ ಕೋಟು, ಮೈ ತುಂಬ ಪಾಚಿ, ಸೊಂಟಕ್ಕೆ ಸೀಸದ ಗುಂಡು. ಎರಡು ಜನ ಹಿಡಿದುಕೊಂಡು ನೀರಿಗೆ ಇಳಿಸಿದರು. ಶೆಡ್ಡಿನಲ್ಲಿ ಐವತ್ತು ಜನ, ಒಬ್ಬರೂ ಕೆಮ್ಮಲಿಲ್ಲ. ನೀರು ಕನ್ನಡಿಯ ಹಾಗೆ ನಿಂತಿತು. ನಾನು ಮನಸ್ಸಿನಲ್ಲಿ ನೂರ ಹತ್ತರವರೆಗೆ ಎಣಿಸಿದೆ. ಆಮೇಲೆ ಪಾಚಿಯ ತಲೆ ಎದ್ದಿತು, ಹೆಗಲು ಎದ್ದಿತು. ನನ್ನ ಪಕ್ಕದಲ್ಲಿದ್ದ ಹುಡುಗಿ ನನ್ನ ಕೈ ಹಿಡಿದುಕೊಂಡಳು.

ಅದಕ್ಕೆ ಒಂದು ಮಾತೂ ಇತ್ತು. "ಯಾಯ್ ವಿಲ್ ಯೆಮ್." ನನಗೆ ಮನೆಗೆ ಹೋಗಬೇಕು ಎಂದು ಅರ್ಥ. ಮನೆಗೆ ಅವರು ಯೆಮ್ ಎನ್ನುತ್ತಾರೆ. ಇವರು ಹೋಟೆಲಿನಲ್ಲೂ ಮನೆಯಲ್ಲೂ ರೊಟ್ಟಿ ತಟ್ಟುತ್ತ ಅದನ್ನೇ ಬಾಯಿಪಾಠ ಮಾಡಿದರು. "ನೋಡು, ಇವರ ಭಾಷೆಯಲ್ಲಿ ಮನೆ ಅಂದ್ರೂ ಯಮನೇ" ಎಂದು ನನ್ನನ್ನು ನೋಡಿ ನಕ್ಕರು. ನಾನು ಸೌಟು ತೋರಿಸಿದೆ.

ಹಾಗೆ ಸುಖವಾಗಿದ್ದವರು ಐದು ತಿಂಗಳಿಗೆ ಸತ್ತರು.

ನಮಗೆ ಗಂಡು ಮಕ್ಕಳಿಲ್ಲ. ಕ್ರಿಯೆ ಮಾಡಿದ್ದು ಅಳಿಯ ಮುರಳೀಧರ. ಮೈಸೂರಿನವರು, ಹೂಫ್‌ಡಾರ್ಪಿನಲ್ಲಿ ಕಂಪ್ಯೂಟರ್ ಕೆಲಸ. ಗೋಕರ್ಣದಿಂದ ಭಟ್ಟರು ಫೋನಿನ ಪರದೆಯಲ್ಲಿ ಕೂತು ಮಂತ್ರ ಹೇಳಿಕೊಟ್ಟರು. ಮುರಳಿ ತಲೆ ಬೋಳಿಸಿಕೊಂಡು, ಹಾಗೇ ಆಫೀಸಿಗೂ ಹೋದರು. ಯಾರೋ ನಕ್ಕರಂತೆ, ಸುಮ್ಮನಿದ್ದರಂತೆ. ಅದನ್ನು ನಾನು ಮರೆಯುವವಳಲ್ಲ. ಒಳ್ಳೆಯ ಮನುಷ್ಯ. ಆದರೆ ಒಳ್ಳೆಯವರೂ ತಪ್ಪು ಮಾಡುತ್ತಾರೆ, ಕೇಳದೆಯೇ ಮಾಡುತ್ತಾರೆ.

ಸೆಪ್ಟೆಂಬರಿನ ಒಂದು ಬುಧವಾರ ತೂರಿಲ್ ಫೋನು ಮಾಡಿದಳು. ಸಿನಿಮಾ ನವೆಂಬರಿನಲ್ಲಿ ಬರುತ್ತದೆ ಎಂದಳು. ಆಮೇಲೆ ದನಿ ತಗ್ಗಿಸಿದಳು.

"ನಿಮ್ಮ ಇಷ್ಟದಂತೆ ಹೆಸರು ತೆಗೆದಿದ್ದೇವೆ. ನೀವಾದರೂ ನೋಡಲು ಬನ್ನಿ."

"ಯಾರ ಹೆಸರು?"

"ನಿಮ್ಮ ಗಂಡನದು. ಕೊನೆಯ ಪಟ್ಟಿಯಿಂದ. ಕುಟುಂಬದವರು ಬರೆದಿದ್ದರಲ್ಲ?"

"ಕುಟುಂಬ ಅಂದರೆ ನಾನು" ಎಂದೆ. "ನಾನು ಬರೆದಿಲ್ಲ."

ಅವಳು ಪತ್ರ ಹುಡುಕಿ, ಬರೆದವರ ಹೆಸರು ಮುರಳೀಧರ ಎಂದು ಓದಿದಳು. ಪಟ್ಟಿ ಶುಕ್ರವಾರ ಮುಚ್ಚುತ್ತದೆ, ಆಮೇಲೆ ಒಂದಕ್ಷರ ಸೇರಿಸಲು ಆಗುವುದಿಲ್ಲ ಎಂದಳು.

ನಾನು ಕೋಟು ಹಾಕಿಕೊಂಡು ಹೂಫ್‌ಡಾರ್ಪಿಗೆ ಹೋದೆ. ಮುರಳಿ ಆ ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಗಾನವಿ ಐದು ತಿಂಗಳ ಬಸುರಿ, ಸೋಫಾದ ಮೇಲೆ ಮಲಗಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಮುರಳಿ, ಸಿನಿಮಾದವರಿಗೆ ಹೆಸರು ತೆಗೀರಿ ಅಂತ ನೀವು ಬರೆದ್ರಾ?"

"ಅತ್ತೆ, ಮೊದ್ಲು ಕೂತ್ಕೊಳ್ಳಿ. ನಾನೇ ಹೇಳ್ಬೇಕು ಅಂತಿದ್ದೆ."

"ಹೇಳಲಿಲ್ಲ."

"ನಿಮಗೆ ಟೆನ್ಶನ್ ಬೇಡ ಅಂತ. ಒಂದು ಮೇಲ್ ಹಾಕ್ದೆ, ಅವ್ರು ತಕ್ಷಣ ಓಕೆ ಅಂದ್ರು. ತುಂಬಾ ಡೀಸೆಂಟ್ ಜನ."

ಗಾನವಿ ಎದ್ದು ಕೂತಳು. "ಮುರಳಿ, ಏನಿದು? ನಂಗೂ ಹೇಳಿಲ್ವಲ್ಲ."

ಮುರಳಿ ಅವಳನ್ನು ನೋಡಲಿಲ್ಲ. ಫೋನು ಎತ್ತಿ ಮೈಸೂರಿಗೆ ಹಚ್ಚಿದರು. ತಾನು ಹೇಳಲಾರದ್ದನ್ನು ತಾಯಿ ಹೇಳಲಿ ಎಂದು. ಬೀಗಿತ್ತಿ ಸರಳಾ ಪರದೆಯ ಮೇಲೆ ಬಂದರು. ಓದಿದವರು, ಹೈಸ್ಕೂಲಿನಲ್ಲಿ ಟೀಚರಾಗಿದ್ದವರು. ಕನ್ನಡಕ ಸರಿ ಮಾಡಿಕೊಂಡು ಶುರು ಮಾಡಿದರು.

"ಗಿರಿಜಮ್ಮನೋರೇ, ತಪ್ಪು ತಿಳ್ಕೋಬೇಡಿ. ವರ್ಷಾಂತಿಕ ಇನ್ನೂ ಆಗಿಲ್ಲ. ಮನೇಲಿ ಬಸುರಿ ಇದಾಳೆ. ಹೋದವರ ಹೆಸರನ್ನ ಪ್ರೇತ ಅಂತ ಬರೆದು ಊರಿಗೆಲ್ಲ ತೋರಿಸಿದ್ರೆ ಅವರಿಗೆ ಸದ್ಗತಿ ಸಿಗುತ್ತಾ?"

"ಪ್ರೇತ ಅಂತ ಮೊದಲು ಕರೆದೋರು ಸಿನಿಮಾದವರಲ್ಲ" ಎಂದೆ. "ಭಟ್ಟರು ಹತ್ತು ದಿನ ಕರೆದ್ರು. ಹೆಸರು ಹಿಡಿದು, ಪಕ್ಕಕ್ಕೆ ಪ್ರೇತ ಅಂತ ಸೇರಿಸಿ. ಮುರಳಿ ತಮ್ಮ ಬಾಯಲ್ಲೇ ಹೇಳಿದ್ರು, ನಾ ಇದೇ ಹಾಲ್‌ನಲ್ಲಿ ಕೂತು ಕೇಳಿದೆ. ಆಗ ಯಾರಿಗೂ ನಾಚಿಕೆ ಆಗಲಿಲ್ಲ."

"ಅದು ಶಾಸ್ತ್ರ."

"ಹನ್ನೆರಡನೇ ದಿನ ಪಿಂಡ ಕೂಡಿಸಿ, ಇವತ್ತಿಗೆ ಪ್ರೇತತ್ವ ಹೋಯ್ತು, ಪಿತೃಗಳ ಸಾಲಿಗೆ ಸೇರಿದ್ರು ಅಂದ್ರು ಭಟ್ಟರು. ಅದೂ ಶಾಸ್ತ್ರವೇ. ಭಟ್ಟರು ಪಿತೃ ಮಾಡಿದೋರನ್ನ ನೀವು ವಾಪಸು ಪ್ರೇತ ಎಂತಕ್ಕೆ ಮಾಡ್ತೀರಿ?"

ಗಾನವಿ ನಗುವನ್ನು ದಿಂಬಿನಲ್ಲಿ ಅದುಮಿದಳು. ಸರಳಾ ಅವರಿಗೆ ಸಿಟ್ಟು ಬಂತು.

"ನೀವು ಏನೇ ಹೇಳಿ. ಆ ವೇಷ ಹಾಕಿದ ಐದೇ ತಿಂಗಳಿಗೆ ಹೋದ್ರು. ಅದನ್ನ ಒಂದ್ಸಲನಾದ್ರೂ ಯೋಚನೆ ಮಾಡಿದೀರಾ?"

ಮಾಡಿದ್ದೆ. ಎಷ್ಟು ಸಲ ಎಂದು ಅವರಿಗೆ ಹೇಳುವ ಅಗತ್ಯ ಇರಲಿಲ್ಲ.

"ವೇಷ ಹಾಕಿದ್ದು ಹನ್ನೊಂದು ದಿನ" ಎಂದೆ. "ಈರುಳ್ಳಿ ಹೆಚ್ಚಿದ್ದು ಮೂವತ್ತೈದು ವರ್ಷ. ಸತ್ತದ್ದೂ ಈರುಳ್ಳಿಯ ಎದುರಿಗೇ. ನಾಳೆಯಿಂದ ನೀವು ಈರುಳ್ಳಿ ಬಿಡಿ, ನಾ ಸಿನಿಮಾ ಬಿಡ್ತೆ."

ಅವರು ಏನೋ ಹೇಳಿದರು. ಮುರಳಿ "ಅಮ್ಮ, ಆಮೇಲೆ ಮಾಡ್ತೀನಿ" ಎಂದು ಫೋನು ಕೆಳಗಿಟ್ಟರು. ಅವರ ಕೂದಲು ಆಗ ಪೂರ್ತಿ ಬೆಳೆದಿತ್ತು. ಅದನ್ನು ಹಿಂದಕ್ಕೆ ತೀಡುತ್ತ ಹೇಳಿದರು, "ಅತ್ತೆ, ಒಂದ್ಸಲ ತೆಗೀರಿ ಅಂತ ಬರೆದು, ಈಗ ಹಾಕಿ ಅಂತ ಬರೆದ್ರೆ ನಮ್ಮನ್ನ ಏನು ಅನ್ಕೋತಾರೆ?"

"ನಮ್ಮೂರಲ್ಲಿ ಬಯಲಾಟ ಆಗುವಾಗ ರಾಕ್ಷಸನ ವೇಷ ಕಟ್ಟಿದವನ ಹೆಸರನ್ನೂ ಮೈಕಿನಲ್ಲಿ ಹೇಳ್ತಾರೆ. ಯಾರ ಮನೆಯವರೂ ಬಂದು ಹೇಳಬೇಡಿ ಅಂದದ್ದಿಲ್ಲ. ಅವರು ದುಡಿದದ್ದು, ಮುರಳಿ. ತಣ್ಣೀರಲ್ಲಿ ಉಸಿರು ಕಟ್ಟಿ ದುಡಿದದ್ದು. ನೀವು ಬರೀಬೇಡಿ. ನಾ ಹೋಗಿ ಹೇಳ್ತೆ."

ಮರುದಿನ ಬೆಳಿಗ್ಗೆ ರೋಟರ್‌ಡ್ಯಾಮಿಗೆ ಹೋದೆ. ತೂರಿಲ್ ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋದಳು. ಮೂರನೇ ಮಹಡಿಯ ಒಂದು ಕೋಣೆ. ಪಟ್ಟಿ ನೋಡಿಕೊಳ್ಳುವ ಗಡ್ಡದ ಮನುಷ್ಯನೊಬ್ಬ ಕಂಪ್ಯೂಟರಿನ ಮುಂದೆ ಇದ್ದ. ಮರ್ಯಾದೆಯಿಂದ ಕಾಫಿ ಕೊಟ್ಟ.

"ಕೊನೆಯಲ್ಲಿ ಬೇರೆಯಾಗಿ ಒಂದು ಸಾಲು ಹಾಕೋಣ" ಎಂದ. "ಇವರ ನೆನಪಿಗೆ ಅಂತ. ಚೆನ್ನಾಗಿರುತ್ತದೆ."

"ಬೇಡ" ಎಂದೆ. "ನೆನಪು ನನ್ನ ಹತ್ತಿರ ಇದೆ. ನಿಮ್ಮ ಹತ್ತಿರ ಅವರು ಕೆಲಸ ಮಾಡಿದರು. ಕೆಲಸ ಮಾಡಿದವರ ಸಾಲಿನಲ್ಲಿ ಹಾಕಿ. ಡ್ರೌಗ್ ಅಂತ ಬರೆದು ಎದುರಿಗೆ ಹೆಸರು ಹಾಕಿ."

ಅವನು ತೂರಿಲ್ ಮುಖ ನೋಡಿದ. ತಲೆಯಾಡಿಸಿದ. ಮೊದಲಿನ ಪಟ್ಟಿಯಲ್ಲಿ ಮಾಬ್ಲ ಎಂದಷ್ಟೇ ಇತ್ತು, ಪೂರ್ತಿ ಹೆಸರು ಅದೇನಾ ಎಂದು ಕೇಳಿದ.

"ಅಲ್ಲ. ಅದು ಕರೆಯುವ ಹೆಸರು."

"ಹಾಗಾದರೆ ಪೂರ್ತಿ ಹೆಸರು ಹೇಳಿ."

ನಾನು ಸುಮ್ಮನೆ ಕೂತೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆ ಆಗುತ್ತದೆ ಎಂದು ಅವ್ವ ಹೇಳಿಕೊಟ್ಟಿದ್ದಳು. ಮದುವೆಯಾಗಿ ಇಪ್ಪತ್ತೆಂಟು ವರ್ಷ, ಒಂದು ದಿನವೂ ಹೇಳಿರಲಿಲ್ಲ. ಈ ದೇಶದ ಆಫೀಸುಗಳಲ್ಲಿ ಕೇಳಿದಾಗ ಅವರ ಕಾರ್ಡು ಮುಂದಕ್ಕೆ ಚಾಚುತ್ತಿದ್ದೆ. ಇಲ್ಲದಿದ್ದರೆ ಗಾನವಿ ಹೇಳುತ್ತಿದ್ದಳು. ಗೋಕರ್ಣದಲ್ಲಿ ದೇವರಿಗೆ ಕೈ ಮುಗಿಯುವಾಗಲೂ ಬರೀ ಸ್ವಾಮಿ ಎನ್ನುತ್ತಿದ್ದೆ, ದೇವರ ಹೆಸರೂ ಅದೇ ಆದ್ದರಿಂದ. ಈಗ ಕಾರ್ಡು ಸರಕಾರಕ್ಕೆ ವಾಪಸು ಹೋಗಿತ್ತು. ಗಾನವಿ ಹೂಫ್‌ಡಾರ್ಪಿನಲ್ಲಿದ್ದಳು.

ಇಪ್ಪತ್ತೆಂಟು ವರ್ಷ ಬಾಯಿ ಕಟ್ಟಿ ಕಾದೆ. ಆಯುಷ್ಯ ಉಳಿಯಿತೇ? ಐವತ್ತೇಳಕ್ಕೆ ಮುಗಿಯಿತು. ಇನ್ನು ಯಾವುದಕ್ಕೆ ಕಾಯಲಿ ಎಂದುಕೊಂಡೆ.

"ಮಹಾಬಲೇಶ್ವರ" ಎಂದೆ.

ಅವನಿಗೆ ತಿಳಿಯಲಿಲ್ಲ. ಇನ್ನೊಮ್ಮೆ, ನಿಧಾನ ಹೇಳಿ ಎಂದ. ನಾನು ಒಂದೊಂದೇ ಅಕ್ಷರ ಹೇಳಿದೆ. ಮ. ಹಾ. ಬ. ಲೇ. ಶ್ವ. ರ. ಅವನು ಬರೆದು ತಾನೂ ಓದಿದ, ತಪ್ಪು ಓದಿದ. ಮತ್ತೆ ಹೇಳಿದೆ. ಐದಾರು ಸಲ ಆಯಿತು. ಐದಾರನೇ ಸಲಕ್ಕೆ ನನ್ನ ದನಿ ಆ ಕೋಣೆಯ ಹೊರಗೂ ಕೇಳುವಷ್ಟು ದೊಡ್ಡದಾಗಿತ್ತು. ತೂರಿಲ್ ಬಾಗಿಲು ಹಾಕಲು ಏಳಲಿಲ್ಲ.

ಕೊನೆಗೆ ಅವನು, ಕುಟುಂಬದ ಮೊದಲ ಕೋರಿಕೆ ಬರಹದಲ್ಲಿದೆ, ಇದೂ ಬರಹದಲ್ಲಿ ಬೇಕು ಎಂದ. ಕಾಗದ ಕೇಳಿದೆ. ಕನ್ನಡದಲ್ಲಿ ಬರೆದೆ, ನನಗೆ ಬರುವುದು ಅದೇ.

"ಮಹಾಬಲೇಶ್ವರ ಅಂಬಿಗ ನನ್ನ ಗಂಡ. ಆ ವೇಷ ಅವರದು. ಹೆಸರು ಹಾಕಿ. ಇನ್ನು ಯಾರು ಬೇಡ ಅಂದರೂ ಕೇಳಬೇಡಿ."

ಕೆಳಗೆ ಸಹಿ ಮಾಡಿದೆ. ಅವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದನ್ನು ಯಾರು ಓದಬೇಕು?"

"ಮೊದಲು ಬರೆದವರಿಗೇ ಕಳಿಸಿ. ಅವರಿಗೆ ಓದಲು ಬರುತ್ತದೆ. ಅವರು ನಿಮಗೆ ಇಂಗ್ಲಿಷಿನಲ್ಲಿ ಹೇಳಲಿ."

ತೂರಿಲ್ ನಕ್ಕಳು. ಅವನು ಕಾಗದದ ಫೋಟೋ ತೆಗೆದು ಮುರಳಿಗೆ ಕಳಿಸಿದ. ನಾನು ರೈಲಿನಲ್ಲಿ ವಾಪಸು ಬರುತ್ತಿದ್ದೆ, ಡೆಲ್ಫ್ಟ್ ದಾಟುವಾಗ ಮುರಳಿಯ ಫೋನು ಬಂತು.

"ಅತ್ತೆ, ಬರೆದಿದ್ದನ್ನ ಬರೆದ ಹಾಗೇ ಟೈಪ್ ಮಾಡಿ, ಕೆಳಗೆ ಇಂಗ್ಲಿಷ್ ಹಾಕಿ ಕಳ್ಸಿದೀನಿ. ಕೊನೇ ಲೈನೂ ಕಳ್ಸಿದೀನಿ."

"ಒಳ್ಳೇದಾಯ್ತು."

"ಆ ಲೈನು ನಂಗೇ ಅಲ್ವಾ?"

"ಹೌದು."

ಆಮೇಲೆ, "ವೇಷದಲ್ಲಿ ಷ ತಪ್ಪು ಬರ್ದಿದೀರಿ ಅತ್ತೆ" ಎಂದರು.

"ಅದನ್ನೂ ಕಳಿಸಿದ್ರಾ?"

"ಇಲ್ಲ. ಅದನ್ನ ಸರಿ ಮಾಡ್ದೆ."

ನವೆಂಬರಿನಲ್ಲಿ ಸಿನಿಮಾ ಪಕ್ಕದ ಪಟ್ಟಣ ಡೆನ್ ಹಾಗ್‌ಗೆ ಬಂತು. ಮಧ್ಯಾಹ್ನದ ಆಟಕ್ಕೆ ಹೋದೆವು. ಗಾನವಿಗೆ ಏಳು ತಿಂಗಳು. ಹೋಗಬೇಡ ಎಂದು ಮೈಸೂರಿನಿಂದ ಮೂರು ಸಲ ಫೋನು. ಅವಳು ಅತ್ತೆಗೆ, "ನಮ್ಮ ಅಪ್ಪನ್ನ ನೋಡೋಕೆ ನಾನ್ಯಾಕೆ ಹೆದ್ರಬೇಕು ಅತ್ತೆ?" ಎಂದು ಹೇಳಿ ನನ್ನ ತೋಳು ಹಿಡಿದು ಹೊರಟಳು. ಮುರಳಿಯೂ ಬಂದರು. ಅವರಿಗೆ ಹೆದರಿಕೆ ಶಾಸ್ತ್ರದ್ದಲ್ಲ, ಸಿನಿಮಾದ್ದೇ ಎಂದು ಅಲ್ಲಿ ಗೊತ್ತಾಯಿತು. ಅರ್ಧ ಹೊತ್ತು ಕಣ್ಣು ಮುಚ್ಚಿಕೊಂಡೇ ಕೂತಿದ್ದರು.

ಕಪ್ಪು ನೀರು. ಅರ್ಧ ದೋಣಿ. ಪಾಚಿಯ ತಲೆ ಏಳುವಾಗ ಇಡೀ ಥಿಯೇಟರು ಕಿರುಚಿತು. ನಾನು ಕಿರುಚಲಿಲ್ಲ. ಎಡ ಹೆಗಲು ಬಲಕ್ಕಿಂತ ಸ್ವಲ್ಪ ಕೆಳಗೆ ಇತ್ತು. ಗೋವಾದಲ್ಲಿ ಅಕ್ಕಿ ಮೂಟೆ ಹೊತ್ತು ಹಾಗಾದದ್ದು. ಅಷ್ಟು ಪಾಚಿ ಹೊದಿಸಿದರೂ ಅದನ್ನು ಮುಚ್ಚಲು ಅವರಿಗೆ ಆಗಿರಲಿಲ್ಲ. ಎಂಟು ತಿಂಗಳ ಮೇಲೆ ನನ್ನ ಗಂಡನನ್ನು ನೋಡಿದೆ. ಗಾನವಿ ಅತ್ತಳು. ನಾನು ಆಗ ಅಳಲಿಲ್ಲ, ಕಣ್ಣು ಮಂಜಾದರೆ ಕಾಣುವುದಿಲ್ಲ.

ಸಿನಿಮಾ ಮುಗಿಯಿತು. ದೀಪ ಇನ್ನೂ ಹಾಕಿರಲಿಲ್ಲ. ಹೆಸರುಗಳು ಶುರುವಾಗುತ್ತಲೇ ಜನ ಎದ್ದರು. ಕೋಟು ಹಾಕಿಕೊಳ್ಳುತ್ತ, ಮಾತಾಡುತ್ತ, ನನ್ನ ಮುಂದೆ ಎತ್ತರದ ಬೆನ್ನುಗಳು ಗೋಡೆಯ ಹಾಗೆ ನಿಂತವು. ನನಗೆ ಏನೂ ಕಾಣಲಿಲ್ಲ.

ನಾನು ಎದ್ದು ನಿಂತು ಡಚ್ಚಿನಲ್ಲಿ ಹೇಳಿದೆ, "ಖಾ ಝಿಟ್ಟನ್." ಕೂತ್ಕೊಳ್ಳಿ ಎಂದು. "ನನ್ನ ಗಂಡನ ಹೆಸರು ಬರಬೇಕು. ಕೂತ್ಕೊಳ್ಳಿ."

"ಅತ್ತೆ" ಎಂದು ಮುರಳಿ ನನ್ನ ಸೆರಗು ಎಳೆದರು. ನಾನು ಕೂರಲಿಲ್ಲ. ಮುಂದಿದ್ದ ಮುದುಕನೊಬ್ಬ ತಿರುಗಿ ನೋಡಿದ.

"ನಿಮ್ಮ ಗಂಡ ಯಾರು?"

"ನೀವು ಯಾರನ್ನು ನೋಡಿ ಕಿರುಚಿದಿರೋ ಅವರು."

ಅವನು ಕೂತ. ಪಕ್ಕದವಳನ್ನು ಕೈ ಹಿಡಿದು ಕೂರಿಸಿದ. ಆಮೇಲೆ ಒಬ್ಬೊಬ್ಬರೇ ಕೂತರು, ಕೋಟಿನ ಒಂದು ತೋಳು ಹಾಕಿಕೊಂಡವರು ಹಾಗೇ ಕೂತರು. ನಾನು ಮಾತ್ರ ನಿಂತಿದ್ದೆ.

ಹೆಸರು ಬಂತು. ಡ್ರೌಗ್, ಅದರ ಎದುರಿಗೆ ಅವರು. ಇಂಗ್ಲಿಷ್ ಅಕ್ಷರ ನಾನು ಕೂಡಿಸಿ ಕೂಡಿಸಿ ಓದಬೇಕು, ಹೊತ್ತು ಹಿಡಿಯುತ್ತದೆ. ಗಟ್ಟಿಯಾಗಿ ಓದಿದೆ. ಓದಿ ಮುಗಿಯುವವರೆಗೆ ಅದು ಪರದೆಯ ಮೇಲೆ ಇತ್ತು.